ಸಿಂಚುವನ್ನು ಮಣೆಗೆ ಕೂರಿಸಿದ್ದು

ಆ ದಿನ ಬೆಳಿಗ್ಗೆಯೂ ನಾನು ಎದ್ದು, ಬಾಗಿಲಿಗೆ ನೀರು ಹಾಕಿ, ರಂಗೋಲಿ ಎಳೆದು, ಹಾಲಿನ ಪಾತ್ರೆಯನ್ನು ಅದರ ಹಳದಿ ಚೌಕದೊಳಗೆ ಇಟ್ಟೆ. ಚೌಕದಿಂದ ನಾಲ್ಕು ಬೆರಳು ಆಚೆ ಇಟ್ಟಿದ್ದರೂ ಹಾಲಿಗೇನೂ ಆಗುತ್ತಿರಲಿಲ್ಲ. ಆದರೆ ನಮ್ಮ ಮನೆಯವರು ಹಲ್ಲುಜ್ಜುತ್ತ ಬಂದು, ಏನೂ ಹೇಳದೆ, ಪಾತ್ರೆಯನ್ನು ಒಂದು ಬೆರಳಿನಿಂದ ಚೌಕದೊಳಕ್ಕೆ ತಳ್ಳಿ ಹೋಗುತ್ತಿದ್ದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಆ ಒಂದು ಬೆರಳನ್ನು ತಡೆದುಕೊಳ್ಳುವುದು ಕಷ್ಟವಾಗಿತ್ತು.

ಚೌಕದ ಕತೆ ನಿಮಗೆ ಹೇಳಬೇಕು. ಬಿಡದಿಯ ಸುತ್ತಮುತ್ತ ರಾಗಿ ಹೊಲಗಳೆಲ್ಲ ಒಂದೊಂದಾಗಿ ಕಾಂಪೌಂಡು ಕಟ್ಟಿಸಿಕೊಂಡು ಕಾರ್ಖಾನೆಗಳಾಗುತ್ತಿದ್ದ ಕಾಲ ಅದು. ನಮ್ಮ ಮನೆಯವರು ಕಾರಿನ ಬಿಡಿಭಾಗ ಮಾಡುವ ಒಂದು ಕಾರ್ಖಾನೆಗೆ ಸೇರಿದ್ದರು. ನಾವಿದ್ದ ಚನ್ನಪಟ್ಟಣದಿಂದ ದಿನಾ ಕಂಪನಿ ಬಸ್ಸು. ಅಲ್ಲಿ ಪ್ರತಿ ಸಾಮಾನಿಗೂ ನೆಲದ ಮೇಲೆ ಹಳದಿ ಪಟ್ಟಿ ಅಂಟಿಸಿ ಜಾಗ ಗುರುತು ಮಾಡಿರುತ್ತಾರಂತೆ. ಕಸದ ಬುಟ್ಟಿಗೂ ಚೌಕ, ಪೊರಕೆಗೂ ಚೌಕ. ಇವರಿಗೆ ಅದು ಎಷ್ಟು ಹಿಡಿಸಿತೆಂದರೆ, ಒಂದು ಭಾನುವಾರ ಪೇಟೆಯಿಂದ ಹಳದಿ ಟೇಪಿನ ಸುರುಳಿ ಕೊಂಡು ತಂದು ಇಡೀ ಮನೆಯನ್ನು ಮಂಡಿಯೂರಿ ಅಳೆದರು. ಗ್ಯಾಸ್ ಸಿಲಿಂಡರಿಗೆ, ನೀರಿನ ಡ್ರಮ್ಮಿಗೆ, ಚಪ್ಪಲಿಗೆ, ಛತ್ರಿಗೆ, ಎಲ್ಲಕ್ಕೂ ಜಾಗ ಆಯಿತು. ನಮ್ಮತ್ತೆ ಮಾಗಡಿ ಕಡೆಯ ಕಲ್ಯದಿಂದ ಬಂದಾಗ ಅವರ ಎಲೆಅಡಿಕೆ ಚೀಲಕ್ಕೂ ಗೋಡೆ ಬದಿಗೆ ಒಂದು ಪುಟ್ಟ ಚೌಕ ಬಿತ್ತು. ಅತ್ತೆ ಅದರಲ್ಲಿ ಚೀಲ ಇಡಲಿಲ್ಲ. ತಾವೇ ಹೋಗಿ ಕೂತುಬಿಟ್ಟರು. "ನನ್ ಜಾಗ ಇದೇ ತಾನೇ? ಇಲ್ಲೇ ಇರ್ತೀನಿ ಬುಡು," ಎಂದರು. ಕಂಪನಿಯಲ್ಲಿ ಈ ಸಮಸ್ಯೆ ಬಂದಿರಲಿಲ್ಲ.

ಮನೆಯಲ್ಲಿ ಚೌಕವಿಲ್ಲದೆ ಉಳಿದದ್ದು ನಮ್ಮ ಮಗಳು ಸಿಂಚನ ಮಾತ್ರ.

ಸಿಂಚುವಿಗೆ ಮೂರು ತುಂಬಿರಲಿಲ್ಲ. ನೋಡಿದರೆ ಬೆಣ್ಣೆ ಮುದ್ದೆ. ಆದರೆ ಆ ಬೆಣ್ಣೆಯೊಳಗೆ ಯಾರೋ ಕಬ್ಬಿಣದ ಸಲಾಕೆ ಇಟ್ಟು ಮರೆತಿದ್ದರು. ಅವಳು ಅತ್ತು ಹಟ ಮಾಡುವ ಮಗುವಲ್ಲ, ಕೇಳಿ. ಅತ್ತಿದ್ದರೆ ಸಮಾಧಾನ ಮಾಡಬಹುದಿತ್ತು. ಅವಳು ತಲೆಯನ್ನು ಒಂದು ಸಲ ಎಡಕ್ಕೆ, ಒಂದು ಸಲ ಬಲಕ್ಕೆ ಆಡಿಸಿ "ಇಲ್ಲ" ಎನ್ನುತ್ತಿದ್ದಳು, ಬ್ಯಾಂಕಿನ ಕೌಂಟರಿನಲ್ಲಿ ಕೂತವರ ಹಾಗೆ. ಆಮೇಲೆ ಆ ವಿಷಯ ಮುಗಿಯಿತು.

ಆ ದಿನ ಬೆಳಿಗ್ಗೆ ಅವಳು ಅಪ್ಪನ ಬೂಟನ್ನು ಆರಿಸಿಕೊಂಡಳು. ಕಂಪನಿಯವರು ಕೊಟ್ಟ, ಮುಂದುಗಡೆ ಕಬ್ಬಿಣವಿರುವ ಬೂಟು. ಅದು ಕಾಲಲ್ಲಿಲ್ಲದೆ ಗೇಟಿನೊಳಗೆ ಬಿಡುವುದಿಲ್ಲ. ಸಿಂಚು ತನ್ನ ಎರಡೂ ಕಾಲನ್ನು ಒಂದೇ ಬೂಟಿನೊಳಗೆ ಇಳಿಸಿ, ಮಡಕೆಯಲ್ಲಿ ನೆಟ್ಟ ತುಳಸಿಯ ಹಾಗೆ ಬಾಗಿಲ ನಡುವೆ ನಿಂತಳು. ಹೆದ್ದಾರಿ ಕಡೆಯಿಂದ ಬಸ್ಸಿನ ಹಾರನ್ನು ಕೇಳಿಸಿತು.

"ಸಿಂಚು, ಅಪ್ಪಂಗೆ ಟೈಮಾಯ್ತು. ಬೂಟ್ ಕೊಡಮ್ಮ."

"ಇಲ್ಲ."

"ಚಾಕ್ಲೇಟ್ ಕೊಡ್ತೀನಿ."

"ಇಲ್ಲ."

ಕೊನೆಗೆ ಅವರು ಅವಳನ್ನು ಕಂಕುಳಲ್ಲಿ ಹಿಡಿದೆತ್ತಿ ಬೂಟನ್ನು ಉದುರಿಸಿಕೊಂಡರು. ಮಾವಿನಹಣ್ಣನ್ನು ಕೊಂಬೆಯಿಂದ ಬಿಡಿಸಿದ ಹಾಗೆ. ಒಂದು ಬೂಟಿನ ಲೇಸು ಕಟ್ಟುವಷ್ಟರಲ್ಲಿ ಸಿಂಚು ಇನ್ನೊಂದನ್ನು ಎತ್ತಿಕೊಂಡು ಹೋಗಿ, ಹಿತ್ತಿಲ ನೀರಿನ ತೊಟ್ಟಿಗೆ ಹಾಕಿ ಬಂದಳು. ಓಡಲಿಲ್ಲ. ನಡೆದುಕೊಂಡೇ ಹೋಗಿ ಬಂದಳು. ಕಬ್ಬಿಣವಿದ್ದ ಕಾರಣ ಅದು ಸಂಕೋಚವಿಲ್ಲದೆ ಮುಳುಗಿತ್ತು. ನಮ್ಮ ಮನೆಯವರು ಪ್ಯಾಂಟು ಮಡಚಿ ತೊಟ್ಟಿಗಿಳಿದು ಹೆಕ್ಕಿ, ಒಂದು ಒಣ ಬೂಟು, ಒಂದು ಒದ್ದೆ ಬೂಟು ಹಾಕಿಕೊಂಡು, ಒಂದು ಕಾಲಲ್ಲಿ ಪಚಪಚ ಎನ್ನುತ್ತ ಬಸ್ಸಿಗೆ ಓಡಿದರು.

ನಮ್ಮತ್ತೆ ತಮ್ಮ ಚೌಕದಲ್ಲಿ ಕೂತು ಇದನ್ನೆಲ್ಲ ನೋಡಿ, ಅಡಿಕೆ ಹೋಳು ಬಾಯಿಗೆ ಹಾಕಿಕೊಂಡು, ಬೀದಿಗೂ ಕೇಳುವ ಹಾಗೆ ತೀರ್ಪು ಹೇಳಿದರು.

"ನಿನ್ ಕೈಲಿ ಆಗಾಕಿಲ್ಲ ಕಣವ್ವ. ನೀನು ಮೆತ್ತಗಿದ್ದೀಯ. ಇವತ್ತು ಸಂಜೆ ಬಸ್ಗೆ ನನ್ ಜೊತೇಲಿ ಕಳ್ಸು. ಇಸ್ಕೂಲ್ಗೆ ಸೇರ್ಸೋ ಗಂಟ ನಮ್ತಾವೇ ಇರ್ಲಿ. ಸರಿ ಮಾಡಿ ಕಳಿಸ್ತೀನಿ."

ನಮ್ಮ ಮನೆಯವರು ಬೀದಿ ತಿರುವಿನಿಂದಲೇ, "ಸಂಜೆ ನೋಡಾಣ ಇರವ್ವ!" ಎಂದು ಕೂಗಿ ಮರೆಯಾದರು. ಅವರ ಭಾಷೆಯಲ್ಲಿ "ನೋಡಾಣ" ಅಂದರೆ "ಹೂಂ."

ಅತ್ತೆ ಕೆಟ್ಟವರಲ್ಲ. ಮಗುವಿಗೆ ಅಲ್ಲಿ ಹಾಲಿದೆ, ಹಸುವಿದೆ, ಓಡಾಡಲು ಅಂಗಳವಿದೆ. ಆದರೂ ನನಗೆ ಈ "ಸರಿ ಮಾಡಿ ಕಳಿಸ್ತೀನಿ" ಎನ್ನುವ ಮಾತು ಹಳೆಯ ಪರಿಚಯ. ನಾನೂ ಸಿಂಚುವಿನ ವಯಸ್ಸಿನಲ್ಲಿ ಹೀಗೇ ಇದ್ದೆನಂತೆ. ನಂಬುವುದಿಲ್ಲ ಅಲ್ಲವೆ? ನಮ್ಮ ಹೊಂಗನೂರಿನ ಮನೆಯಲ್ಲಿ ರೇಷ್ಮೆ ಹುಳು ಸಾಕುತ್ತಿದ್ದರು. ಒಂದು ದಿನ ನಾನು ಹುಳುಗಳ ತಟ್ಟೆಯೊಳಗೇ ಸೊಪ್ಪಿನ ಮೇಲೆ ಮಲಗಿ, ಎಬ್ಬಿಸಲು ಬಂದ ಚಿಕ್ಕಪ್ಪನ ಕೈ ಕಚ್ಚಿ, ಸಂಜೆಯವರೆಗೂ ಏಳಲಿಲ್ಲವಂತೆ. ಹುಳುಗಳು ನನ್ನನ್ನು ತಿನ್ನದೆ ಸುತ್ತ ಬಳಸಿಕೊಂಡು ಹೋದವಂತೆ. ಅಪ್ಪ ಅಮ್ಮ ಬಹಳ ಯೋಚನೆ ಮಾಡಿ, ಸ್ಕೂಲಿನ ವಯಸ್ಸಾದ ಕೂಡಲೇ, "ಒಂದು ವರ್ಷ ಇದ್ದು ಸರಿಹೋಗಲಿ" ಎಂದು ರಾಮನಗರದ ಕಾನ್ವೆಂಟಿನ ಹಾಸ್ಟೆಲಿಗೆ ಸೇರಿಸಿದರು. ಒಂದು ವರ್ಷ ಅಂದದ್ದು ಹತ್ತನೇ ಕ್ಲಾಸು ಮುಗಿಯುವವರೆಗೆ ಎಳೆಯಿತು.

ಸಿಸ್ಟರುಗಳು ಒಳ್ಳೆಯವರೇ. ತಪ್ಪು ಮಾಡಿದರೆ ಕಾರಿಡಾರಿನ ಕೊನೆಯ ಕಿಟಕಿಯ ಮುಂದೆ ನಿಲ್ಲಿಸುತ್ತಿದ್ದರು. ಅಲ್ಲಿಂದ ಬೆಟ್ಟದ ಬಂಡೆಗಳು ಕಾಣುತ್ತಿದ್ದವು. ಒಂದು ಬಂಡೆ, ತಲೆಗೆ ಟವೆಲು ಸುತ್ತಿಕೊಂಡು ಬಸ್ಸಿಗೆ ಕಾಯುವ ಹೆಂಗಸಿನ ಹಾಗಿತ್ತು. ಅವಳಿಗೆ ಬಸ್ಸು ಸಿಗಲಿಲ್ಲ, ನಾನು ಸರಿಹೋದೆ. ಬೆನ್ನು ನೆಟ್ಟಗಿಟ್ಟುಕೊಂಡು ಸದ್ದಾಗದಂತೆ ಸೂಪು ಕುಡಿಯುವುದನ್ನು ಕಲಿತೆ. ಆಮೇಲಿನ ನನ್ನ ಜೀವನದಲ್ಲಿ ಸೂಪು ಬರಲೇ ಇಲ್ಲ, ಇರಲಿ. ರಜಕ್ಕೆ ಊರಿಗೆ ಹೋದರೆ ಎಲ್ಲರಿಗೂ ಸ್ಟೀಲ್ ಲೋಟದಲ್ಲಿ ಕಾಫಿ ಕೊಡುವ ನಮ್ಮಮ್ಮ ನನಗೆ ಮಾತ್ರ ಗಾಜಿನ ಲೋಟದಲ್ಲಿ ಕೊಡುತ್ತಿದ್ದಳು. ನೆಂಟರಿಗೆ ಕೊಡುವ ಹಾಗೆ, ಸೆರಗಿನಿಂದ ಒಮ್ಮೆ ಒರೆಸಿ. ಆ ಗಾಜಿನ ಲೋಟ ಬಹಳ ಚೆನ್ನಾಗಿತ್ತು. ನನಗೆ ಅದನ್ನು ಕಂಡರೆ ಆಗುತ್ತಿರಲಿಲ್ಲ.

ಸಿಂಚುವಿಗೆ ನಾನು ಹಾಗೆ ಕಾಫಿ ಕೊಡಲಾರೆ ಎನ್ನಿಸಿತು. ಆದ್ದರಿಂದ ಸಂಜೆಯೊಳಗೆ ನನ್ನ ಕೈಲಿ ಆಗುತ್ತದೆ ಎಂದು ತೋರಿಸಬೇಕಾಗಿತ್ತು. ಹೊಡೆಯುವುದು ನನಗೆ ಬಾರದು. ಒಮ್ಮೆ ಹೊಡೆಯಲು ಕೈಯೆತ್ತಿದಾಗ ಸಿಂಚು ನನ್ನ ಬಳೆ ಎಣಿಸಿದ್ದಳು. ಬೈಯುವುದೂ ಬಾರದು. ಉಳಿದದ್ದು ಟೈಮ್ಔಟ್.

ಅದನ್ನು ನಾನು ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ದವಡೆ ಹಿಡಿದುಕೊಂಡು ಕೂತಿದ್ದಾಗ ಒಂದು ಇಂಗ್ಲಿಷ್ ಪತ್ರಿಕೆಯಲ್ಲಿ ಓದಿದ್ದೆ. ಮಗು ತಪ್ಪು ಮಾಡಿದ ಕೂಡಲೇ ಶಾಂತ ದನಿಯಲ್ಲಿ ಕಾರಣ ಹೇಳಿ, ಒಂದು ಮೂಲೆಯಲ್ಲಿ, ಯಾವಾಗಲೂ ಅದೇ ಮೂಲೆಯಲ್ಲಿ, ಸ್ವಲ್ಪ ಹೊತ್ತು ಕೂರಿಸಬೇಕು. ಆಟದ ಸಾಮಾನು ಇರಬಾರದು. ಮುಖ್ಯವಾಗಿ ಯಾರೂ ಮಾತಾಡಬಾರದು. ಏನೇ ಆದರೂ ನಡುವೆ ನಿಲ್ಲಿಸಬಾರದು. ಪ್ರತಿ ತಪ್ಪಿಗೂ ತಪ್ಪದೆ ಕೂರಿಸಬೇಕು. ಪಕ್ಕದಲ್ಲಿ, ನೀಲಿ ಕುರ್ಚಿಯ ಮೇಲೆ ಕೂತು ಪಶ್ಚಾತ್ತಾಪ ಪಡುತ್ತಿದ್ದ ಹೊಂಬಣ್ಣದ ಕೂದಲಿನ ಮಗುವಿನ ಚಿತ್ರ. ಮುಂದಿನ ಪುಟದಲ್ಲಿ ಏನಿತ್ತೋ ಗೊತ್ತಿಲ್ಲ, ಅಷ್ಟರಲ್ಲಿ ನನ್ನ ಹೆಸರು ಕರೆದರು.

ನಮ್ಮಲ್ಲಿ ನೀಲಿ ಕುರ್ಚಿ ಇರಲಿಲ್ಲ. ಪ್ಲಾಸ್ಟಿಕ್ ಕುರ್ಚಿಯಿಂದ ಸಿಂಚು ಜಾರುತ್ತಾಳೆ. ಹುಡುಕಿದಾಗ ಸಿಕ್ಕಿದ್ದು ನಮ್ಮ ಮದುವೆಯ ಮಣೆ. ಬೊಂಬೆ ಮಾಡುವವರ ಹತ್ತಿರ ಕಾಲು ಕಡೆಸಿ, ಅರಗಿನ ಕೆಂಪು ಹಸಿರು ಹಚ್ಚಿಸಿದ್ದು. ಗಿಡ್ಡ, ಗಟ್ಟಿ, ಉರುಳುವಂತಿಲ್ಲ. ಮೂಲೆಗಳೆಲ್ಲ ಸಾಮಾನುಗಳ ಚೌಕದಿಂದ ತುಂಬಿಹೋಗಿ, ದೇವರ ಗೂಡಿನ ಪಕ್ಕದ್ದೊಂದೇ ಉಳಿದಿತ್ತು. ನಮ್ಮ ಮನೆಯವರ ಟೇಪು ತೆಗೆದು ಅಲ್ಲೊಂದು ಚೌಕ ಎಳೆದೆ. ಕಂಪನಿ ಪದ್ಧತಿ ನನಗೂ ಅಂಟಿತ್ತು ನೋಡಿ. ಎಷ್ಟು ಹೊತ್ತು ಕೂರಿಸುವುದು ಎನ್ನುವುದಕ್ಕೆ ಕುಕ್ಕರನ್ನು ಗೊತ್ತು ಮಾಡಿದೆ. ಒಂದು ಕೂಗು ಆಗುವವರೆಗೆ. ಹೇಗೂ ಬೇಳೆ ಬೇಯಬೇಕಿತ್ತು.

ಅತ್ತೆ ಮೊಮ್ಮಗಳನ್ನು ಕರೆದೊಯ್ಯುವ ಸುದ್ದಿ ಹೇಳಲು ಪಕ್ಕದ ಮನೆಯ ಜಯಮ್ಮನ ಹತ್ತಿರ ಹೋಗಿದ್ದರು. ಅದೇ ಸಮಯವೆಂದು ಸಿಂಚುವನ್ನು ಎತ್ತಿ ತಂದು ಮಣೆಯ ಮೇಲೆ ಕೂರಿಸಿ, ಓದಿದ್ದ ಶಾಂತ ದನಿಯಲ್ಲಿ ಹೇಳಿದೆ: "ಅಪ್ಪನ ಬೂಟನ್ನು ತೊಟ್ಟಿಗೆ ಹಾಕಿದ್ದು ತಪ್ಪು. ಅದಕ್ಕೆ ಇಲ್ಲಿ ಕೂತಿರಬೇಕು. ಕುಕ್ಕರ್ ಕೂಗೋವರೆಗೂ ಮಾತಿಲ್ಲ."

ನಾನು ಅಳುಮುಖವಿಲ್ಲದೆ ಮಾತಾಡಿದ್ದು ಅವಳಿಗೆ ಹೊಸದಿರಬೇಕು. ಕಣ್ಣು ಅಗಲಿಸಿ ಕೂತಳು. ನಾನು ಎದುರಿಗೆ ಕೈಕಟ್ಟಿ ನಿಂತೆ. ಮನೆಯಲ್ಲಿ ನಿಶ್ಶಬ್ದ. ಜಯಮ್ಮನ ಗಂಡ ಹಿತ್ತಿಲಲ್ಲಿ ಬೊಂಬೆ ಕಡೆಯುವ ಯಂತ್ರದ ಗುಂಯ್ಗುಟ್ಟುವಿಕೆ ಬಿಟ್ಟರೆ ಏನೂ ಇಲ್ಲ. ನನಗೆ ಒಳಗೊಳಗೇ ಹೆಮ್ಮೆ ಉಕ್ಕಿ ಬಂತು.

ಆಗ ಅತ್ತೆ ಒಳಗೆ ಬಂದರು.

ಬಾಗಿಲಲ್ಲೇ ನಿಂತರು. ಮೊಮ್ಮಗಳು ಮಣೆಯ ಮೇಲೆ, ಪೂರ್ವಕ್ಕೆ ಮುಖ ಮಾಡಿ, ಸದ್ದಿಲ್ಲದೆ ಕೂತಿದ್ದಾಳೆ. ಸೊಸೆ ಎದುರಿಗೆ ಕೈಕಟ್ಟಿ ನಿಂತಿದ್ದಾಳೆ. ಅವರು ಬಾಯಿ ತೆರೆಯುವಷ್ಟರಲ್ಲಿ ನಾನು ತುಟಿಯ ಮೇಲೆ ಬೆರಳಿಟ್ಟೆ. ಅವರ ಮುಖ ಅರಳಿತು. ನನ್ನ ಮದುವೆಯ ದಿನವೂ ಆ ಮುಖದಲ್ಲಿ ಅಷ್ಟು ಮೆಚ್ಚುಗೆ ನಾನು ಕಂಡಿರಲಿಲ್ಲ. ಸರಸರನೆ ಅಡಿಗೆಮನೆಗೆ ಹೋಗಿ, ಮುಷ್ಟಿಯಲ್ಲಿ ಉಪ್ಪು, ಒಣಮೆಣಸಿನಕಾಯಿ, ನಾಲ್ಕು ಪೊರಕೆ ಕಡ್ಡಿ ಹಿಡಿದು ಬಂದು, ಮಾತಿಲ್ಲದೆ ಮಗುವಿನ ತಲೆಯ ಸುತ್ತ ಇಳಿಸತೊಡಗಿದರು.

ನಿಮಗೆ ಗೊತ್ತಲ್ಲ, ನಮ್ಮ ಕಡೆ ದೃಷ್ಟಿ ತೆಗೆಯುವಾಗಲೂ ಯಾರೂ ಮಾತಾಡಬಾರದು. ಹೀಗಾಗಿ ನಾನು ನನ್ನ ನಿಯಮಕ್ಕೆ ಬಾಯಿ ಮುಚ್ಚಿಕೊಂಡಿದ್ದೆ, ಅವರು ಅವರ ನಿಯಮಕ್ಕೆ. ನಾನು ಕೈ ಆಡಿಸಿ ಬೇಡ ಎಂದೆ. ಅವರು ತಲೆಯಾಡಿಸಿ, ಸರಿ ಎಂದು ಇನ್ನೊಂದು ಸುತ್ತು ಹಾಕಿದರು. ಅಲ್ಲಿ ಹೋಗಿ ಕೂರಿ ಎಂದು ನಾನು ಗೋಡೆಯ ಕಡೆ ತೋರಿಸಿದೆ. ಅವರು ಗೋಡೆಗೂ ಇಳಿಸಿದರು. ಸಿಂಚು ಹಬ್ಬದ ದಿನದ ದೇವರ ಹಾಗೆ ಅತ್ತಿತ್ತ ನೋಡುತ್ತ ಕೂತಿದ್ದಳು. ಮೆಣಸಿನಕಾಯಿ ಬಚ್ಚಲ ಒಲೆಯ ಕೆಂಡಕ್ಕೆ ಬಿತ್ತು. ಮನೆ ತುಂಬ ಹೊಗೆ. ನಾನು, ಅತ್ತೆ, ಸಿಂಚು ಮೂವರೂ ಕೆಮ್ಮಿ ಕೆಮ್ಮಿ ಕಣ್ಣಲ್ಲಿ ನೀರು ಸುರಿಸುತ್ತಿರುವಾಗ ಕುಕ್ಕರು ಕೂಗಿತು.

"ಒಸೀನೂ... ಘಾಟಿಲ್ಲ... ನೋಡವ್ವ!" ಎಂದರು ಅತ್ತೆ, ಕೆಮ್ಮಿನ ನಡುವೆ. "ಎಂಥಾ ದಿಷ್ಟಿ ಆಗಿತ್ತು ಮಗೀಗೆ!"

ಆಮೇಲೆ ನಾನು ಇದು ಶಿಕ್ಷೆ ಎಂದು ವಿವರಿಸಿ ಹೇಳಿದೆ. ಅವರು ನನ್ನನ್ನು ಅನುಕಂಪದಿಂದ ನೋಡಿದರು.

"ಮಣೆ ಮ್ಯಾಲೆ ಕುಂಡ್ರಿಸಿ ಸಿಕ್ಸೆ ಕೊಡ್ತಾರಾ? ಅದೂ ಮೂಡ್ಲು ಮುಖಕ್ಕೆ? ಮಣೆ ಮ್ಯಾಲೆ ಕೂರೋಳು ಮದ್ವೆ ಹೆಣ್ಣು, ಬಸುರಿ ಹೆಂಗ್ಸು. ನಿಮ್ ಕಾನ್ವೆಂಟ್ನಲ್ಲಿ ಮದ್ವೆ ಹೆಣ್ಣೂ ತಪ್ಪು ಮಾಡಿದ್ಲು ಅಂತ ಕುಂಡ್ರಿಸ್ತಿದ್ರಾ?"

ಕಾನ್ವೆಂಟಿನಲ್ಲಿ ಮದುವೆ ಹೆಣ್ಣುಗಳೇ ಇರಲಿಲ್ಲ ಎಂದು ಹೇಳುವಷ್ಟರಲ್ಲಿ, ಮಣೆಯಿಂದ ಮಗುವನ್ನು ಬರಿಗೈಲಿ ಎಬ್ಬಿಸಬಾರದೆಂದು ಅವರು ಸಿಂಚುವಿನ ಒಂದು ಕೈಗೆ ಬಾಳೆಹಣ್ಣು, ಇನ್ನೊಂದಕ್ಕೆ ಬೆಲ್ಲದ ಅಚ್ಚು ಕೊಟ್ಟಾಗಿತ್ತು. ಸಿಂಚು ಬೆಲ್ಲ ನೆಕ್ಕುತ್ತ ಮಣೆಯನ್ನು ನೋಡಿದಳು, ಕುಕ್ಕರನ್ನು ನೋಡಿದಳು, ಕೊನೆಗೆ ನನ್ನನ್ನು ನೋಡಿದಳು. ಏನೋ ಲೆಕ್ಕ ಕೂಡಿಸುತ್ತಿರುವುದು ಕಾಣಿಸಿತು.

ಒಲೆಯ ಮೇಲಿನ ಸಾರಿಗೆ ಒಗ್ಗರಣೆ ಹಾಕಿ ತಿರುಗುವಷ್ಟರಲ್ಲಿ ಅವಳು ರಾಗಿ ಹಿಟ್ಟಿನ ಡಬ್ಬ ಬೋರಲು ಹಾಕಿದ್ದಳು. ಅದರ ಮೇಲೆ ನಡೆದು ಹೋಗಿ, ಚೌಕದೊಳಗೆ ಮಣೆಯನ್ನು ನೆಟ್ಟಗೆ ಮಾಡಿ, ಕೂತು, ಲಂಗ ಸರಿಮಾಡಿಕೊಂಡು, ನನಗೆ ಅಪ್ಪಣೆ ಮಾಡಿದಳು:

"ಅಮ್ಮ, ಕುಕ್ಕಲ್ ಇಡು."

ನಾನೇನು ಮಾಡಲಿ ಹೇಳಿ? ಪ್ರತಿ ತಪ್ಪಿಗೂ ತಪ್ಪದೆ ಕೂರಿಸಬೇಕು ಎಂದು ಬರೆದಿದ್ದರು. ಮಗು ತಾನೇ ಕೂತಿದ್ದರೆ ಎಬ್ಬಿಸಿ ಮತ್ತೆ ಕೂರಿಸಬೇಕೇ ಎನ್ನುವುದು ಬಹುಶಃ ಆ ಮುಂದಿನ ಪುಟದಲ್ಲಿತ್ತು. ಮಣೆ ಬದಲು ಸ್ಟೂಲು ತಂದಿಟ್ಟು ನೋಡಿದೆ. ತಲೆ ಎಡಕ್ಕೆ, ಬಲಕ್ಕೆ. "ಇಲ್ಲ." ಹಾಗಾಗಿ ಅನ್ನಕ್ಕೆ ಕುಕ್ಕರ್ ಇಟ್ಟು ಎದುರಿಗೆ ಕೈಕಟ್ಟಿ ನಿಂತೆ.

ಮಗು ಮಣೆಗೆ ಕೂತ ಮೇಲೆ ಶಾಸ್ತ್ರ ಆಗಬೇಕಲ್ಲ, ಅತ್ತೆ ಈ ಸಲ ಒಬ್ಬರೇ ಸಂಭಾಳಿಸಲಿಲ್ಲ. ಹಳದಿ ಚೌಕದೊಳಗೆ ಹಿಟ್ಟಿನ ಎಳೆ ಎಳೆದರು. ನೆಲದ ಮೇಲೆ ಹೇಗೂ ಹಿಟ್ಟು ಬೇಕಾದಷ್ಟಿತ್ತು. ಆಮೇಲೆ ಹೋಗಿ ಜಯಮ್ಮನನ್ನು ಕರೆತಂದರು. ಜಯಮ್ಮನ ಹಿಂದೆ ಬೀದಿಯ ಇನ್ನೂ ಕೆಲವರು ಹೆಂಗಸರು, ಒಬ್ಬರ ಕೈಯಲ್ಲಿ ಅರಿಶಿನ ಕುಂಕುಮದ ಬಟ್ಟಲು, ಒಬ್ಬರ ಕೈಯಲ್ಲಿ ಆರತಿ ತಟ್ಟೆ. ಅತ್ತೆ ಬಾಗಿಲಲ್ಲೇ ಎಲ್ಲರಿಗೂ ಪಿಸುಗುಟ್ಟಿ ಹೇಳಿದರು: "ಕುಕ್ಕರ್ ಕೂಗೋ ಗಂಟ ಉಸುರೆತ್ತಂಗಿಲ್ಲ. ಕೂಗಿದ ಮ್ಯಾಲೇ ಆರತಿ."

ನಮ್ಮ ಬೀದಿಯ ಹೆಂಗಸರು ಒಟ್ಟಿಗೆ ಕೂತು ಮಾತಾಡದೆ ಇದ್ದದ್ದು ಅದೇ ಮೊದಲು. ಗೋಡೆಗೊರಗಿ, ಮೊಣಕಾಲು ಅಪ್ಪಿಕೊಂಡು, ಕಣ್ಣಲ್ಲೇ ಒಬ್ಬರಿಗೊಬ್ಬರು ಏನೇನೋ ಹೇಳುತ್ತ ಕೂತರು. ಕುಕ್ಕರಿನ ರಬ್ಬರು ಹಳೆಯದಾಗಿತ್ತು. ಬೆಳಿಗ್ಗೆ ಹೇಗೋ ಮರ್ಯಾದೆ ಉಳಿಸಿದ್ದು ಈಗ ಬದಿಯಿಂದ ಸುಸ್ ಎಂದು ಹಬೆ ಬಿಡತೊಡಗಿತು. ಕೂಗಲಿಲ್ಲ. ಕಾದೆವು. ಸುಸ್. ಮತ್ತೂ ಕಾದೆವು. ಅನ್ನ ತಳ ಹಿಡಿಯುವ ವಾಸನೆ ಬಂತು. ಜಯಮ್ಮ ಮೂಗು ತೋರಿಸಿ, ಅಡಿಗೆಮನೆ ತೋರಿಸಿ, ನನ್ನನ್ನು ನೋಡಿದರು. ನಾನು ಕೈ ಎತ್ತಿ ತಡೆದೆ. ಏನೇ ಆದರೂ ನಡುವೆ ನಿಲ್ಲಿಸಬಾರದು. ಅಷ್ಟರಲ್ಲಿ ಗಟ್ಟಿ ಉಸಿರಾಡುವುದಕ್ಕೂ ಎಲ್ಲರಿಗೂ ಹೆದರಿಕೆ ಶುರುವಾಗಿತ್ತು. ಪೋಸ್ಟ್‌ಮ್ಯಾನ್ ಬಾಗಿಲಿಗೆ ಬಂದು, ಒಳಗೆ ಇಣುಕಿ, ಚಪ್ಪಲಿ ಬಿಟ್ಟು, ಕೈ ಮುಗಿದು, ಪತ್ರವನ್ನು ಹೊಸಲಿನ ಮೇಲೆ ಮೆತ್ತಗೆ ಇಟ್ಟು ಹೋದ.

ಕೊನೆಗೆ ಬೇಸತ್ತು ಸಿಂಚುವೇ ಕೂಗಿದಳು. ಕತ್ತು ಮೇಲೆತ್ತಿ, ಕಣ್ಣು ಮುಚ್ಚಿ, "ಕೂಊಊ!"

"ಆಯ್ತು! ಎತ್ರವ್ವಾ ಆರತಿಯ!" ಎಂದರು ಅತ್ತೆ. ಆರತಿ ಎದ್ದಿತು. ತಡೆದಿಟ್ಟುಕೊಂಡಿದ್ದ ಮಾತೆಲ್ಲ ಒಂದೇ ಸಲಕ್ಕೆ ಒಡೆದುಕೊಂಡಿತು.

"ಯಾವ್ ಶಾಸ್ತ್ರ ಅಕ್ಕ ಇದು?" ಎಂದು ಆರತಿ ತಟ್ಟೆಯವರು ಕೇಳಿದರು. "ನಾನ್ ಎಲ್ಲೂ ಕಂಡಿಲ್ಲ."

ನಾನು ಬಾಯಿ ತೆರೆದೆ. ಅದಕ್ಕೆ ಮೊದಲೇ ಅತ್ತೆ, ಎರಡು ಗಂಟೆಯ ಹಿಂದೆ ನನಗೆ ಮಣೆಯ ಮರ್ಯಾದೆ ಹೇಳಿಕೊಟ್ಟ ಅದೇ ಅತ್ತೆ, ಸೆರಗು ಕೊಡವಿಕೊಂಡು ಹೇಳಿದರು:

"ಹಟ ಇಳ್ಸೋ ಶಾಸ್ತ್ರ. ನಮ್ ಕಲ್ಯದ ಕಡೆ ಎಲ್ರ ಮನೇಲೂ ಐತೆ. ನಿಮ್ಮೂರ್ನಲ್ಲಿ ಇಲ್ವಾ? ನಮ್ ಕಡೇಲಿ ಇಲ್ದೇ ಇರೋ ಶಾಸ್ತ್ರ ಇಲ್ಲ ಬುಡು."

"ಕುಕ್ಕರ್ ಇಟ್ಟು ಮಾಡ್ತಾರಾ?" ಎಂದರು ಜಯಮ್ಮ. ಜಯಮ್ಮನ ಮುಖದಲ್ಲಿ ಏನೂ ಕಾಣುವುದಿಲ್ಲ. ತಮಾಷೆ ಮಾಡುವಾಗಲೂ, ಸಾವಿನ ಮನೆಯಲ್ಲೂ ಅದೇ ಮುಖ.

"ಆಗೆಲ್ಲಿತ್ತವ್ವ ಕುಕ್ಕರು? ಮಡಕೆ ಉಕ್ಕೋ ಗಂಟ ಕುಂಡ್ರಿಸ್ತಿದ್ರು."

"ಹಂಗಾರೆ ಸರಿ," ಎಂದರು ಜಯಮ್ಮ.

ಒಬ್ಬರು ತಮ್ಮ ಮೊಮ್ಮಗನನ್ನೂ ಎತ್ತಿಕೊಂಡು ಬಂದು, "ಇವ್ನೂ ಮಣ್ ತಿಂತಾನೆ, ಒಸಿ ಕುಂಡ್ರಿಸವ್ವ," ಎಂದರು. ಸಿಂಚು ಮಣೆ ಬಿಡಲಿಲ್ಲ. ಆ ಮಗುವಿಗೆ ಇನ್ನೊಂದು ಚೌಕ ಎಳೆಯಬೇಕಾದೀತೆಂದು ನಾನು ಟೇಪನ್ನು ಹಿಟ್ಟಿನ ಡಬ್ಬದೊಳಗೆ ಅಡಗಿಸಿದೆ.

ಎಲ್ಲರೂ ಹೋದ ಮೇಲೆ ತಳ ಹಿಡಿದ ಅನ್ನ ತಿಂದೆವು. ಸಿಂಚು ಮೂರನೇ ಬಾಳೆಹಣ್ಣಿನ ಜೊತೆ ನಿದ್ದೆಗೆ ಜಾರಿದಳು. ಅತ್ತೆ ತಮ್ಮ ಚೀಲ ತೆಗೆದು, ಅದರೊಳಗೆ ಸಿಂಚುವಿನ ಲಂಗಗಳನ್ನು ಒಂದೊಂದಾಗಿ ಮಡಚಿ ಇಡತೊಡಗಿದರು. ಬೆಳಗಿನದೆಲ್ಲ ಅವರಿಗೆ ಒಂದು ಒಳ್ಳೆಯ ಶಾಸ್ತ್ರವಾಗಿತ್ತೇ ಹೊರತು, ನಾನು ಮಗುವನ್ನು ಹಿಡಿತಕ್ಕೆ ತಂದೆ ಎನ್ನಲು ಯಾವ ಆಧಾರವೂ ಆಗಿರಲಿಲ್ಲ. ನನಗೂ ಆಧಾರ ಸಿಕ್ಕಿರಲಿಲ್ಲ. ಹಿಡಿತಕ್ಕೆ ಬಂದದ್ದು ನಾನು, ಅತ್ತೆ, ಅರ್ಧ ಬೀದಿ ಮತ್ತು ಪೋಸ್ಟ್‌ಮ್ಯಾನ್.

"ಈ ಕೆಂಪು ಸ್ವೆಟ್ರು ಇಕ್ಕಲಾ? ಕಲ್ಯದಲ್ಲಿ ರಾತ್ರಿ ಹೊತ್ತು ಚಳಿ," ಎಂದರು ಅತ್ತೆ.

"ಇಡಿ," ಎಂದೆ. ಕಾನ್ವೆಂಟಿನವಳಲ್ಲವೆ.

ಇನ್ನು ಅಳು ಬರುತ್ತದೆ ಎನ್ನಿಸಿತು. ಅಳಲು ಮನೆಯಲ್ಲಿ ಜಾಗ ಬೇಕಲ್ಲ. ಬಚ್ಚಲಲ್ಲಿ ಇನ್ನೂ ಮೆಣಸಿನಕಾಯಿ ಹೊಗೆ. ಹಿತ್ತಿಲಲ್ಲಿ ಜಯಮ್ಮನ ಗಂಡ. ಸುತ್ತ ನೋಡಿ, ಹೋಗಿ ಆ ಹಳದಿ ಚೌಕದೊಳಗೆ ಮಣೆಯ ಮೇಲೆ ಗೋಡೆಗೆ ಮುಖ ಮಾಡಿ ಕೂತೆ. ಗೋಡೆಯ ಸುಣ್ಣದಲ್ಲಿ ಒಂದು ಸಣ್ಣ ಬಿರುಕು, ಬಿರುಕಿನಲ್ಲಿ ಒಂದು ಇರುವೆ ಸಕ್ಕರೆಯ ಹರಳನ್ನು ನೂಕುತ್ತ ಹಿಂದಕ್ಕೆ ಜಾರಿ, ಮತ್ತೆ ನೂಕುತ್ತಿತ್ತು. ನಿಜ ಹೇಳುತ್ತೇನೆ, ಆ ಮೂಲೆ ಬಹಳ ಚೆನ್ನಾಗಿತ್ತು. ಮನೆಯಲ್ಲಿ ನನಗೆಂದು ಇರುವ ಜಾಗ ಅದೊಂದೇ ಎಂದು ಆಗ ಹೊಳೆಯಿತು.

ಎಷ್ಟು ಹೊತ್ತಾಯಿತೋ. ಹಿಂದೆ ಪುಟ್ಟ ಪಾದದ ಸದ್ದು. ಸಿಂಚು ಎದ್ದು ಬಂದಿದ್ದಳು. ನನ್ನ ಮುಖವನ್ನು ಕೆಳಗಿನಿಂದ ಬಗ್ಗಿ ನೋಡಿದಳು. ನಾನು ಏನೋ ಹೇಳಹೊರಟರೆ ತುಟಿಯ ಮೇಲೆ ಬೆರಳಿಟ್ಟಳು. ತನ್ನ ತುಟಿಯ ಮೇಲಲ್ಲ, ನನ್ನ ತುಟಿಯ ಮೇಲೆ. ಅಡಿಗೆಮನೆಗೆ ಹೋಗಿ ಮುಷ್ಟಿ ತುಂಬ ಏನೋ ತಂದಳು. ರವೆ. ನನ್ನ ತಲೆಯ ಸುತ್ತ ಕೈ ಎಟುಕದೆ, ತಾನೇ ನನ್ನ ಸುತ್ತ ಓಡುತ್ತ, ರವೆ ಚೆಲ್ಲುತ್ತ, ಸುತ್ತಿಗೊಂದು ಸಲ ನನ್ನ ಮೇಲೆ "ಥೂ, ಥೂ" ಎಂದು ನಿಜವಾಗಿಯೇ ಉಗುಳಿದಳು. ಆಮೇಲೆ ನಿಂತು, ಏದುಸಿರು ಬಿಡುತ್ತ, "ಕೂಊಊ" ಎಂದು ಕೂಗಿ, ಅರ್ಧ ತಿಂದಿಟ್ಟಿದ್ದ ಬಾಳೆಹಣ್ಣನ್ನು ನನ್ನ ಬಾಯಿಗೆ ತುರುಕಿದಳು.

"ಆಯ್ತು. ಎದ್ದೇಳು."

ನಾನು ರವೆ, ಎಂಜಲು, ಬಾಳೆಹಣ್ಣು, ಕಣ್ಣೀರು ಎಲ್ಲ ಒಟ್ಟಿಗೆ ನುಂಗಿದೆ. ತಿರುಗಿ ನೋಡಿದರೆ ಅತ್ತೆ ಸ್ವೆಟರ್ ಕೈಯಲ್ಲಿ ಹಿಡಿದು ನಿಂತಿದ್ದರು. ಅವರ ಮನಸ್ಸು ಕರಗಿತು ಎಂದುಕೊಂಡೆ.

"ಎಡಗೈಲಿ ಇಳಿಸಿದ್ಲು," ಎಂದರು ಅತ್ತೆ. "ಊರಿಗೆ ಕರ್ಕೊಂಡೋಗಿ ಬಲಗೈಲಿ ಇಳ್ಸೋದು ಕಲಿಸ್ಬೇಕು."

ಸಂಜೆ ನಮ್ಮ ಮನೆಯವರು ಬಂದರು. ಬೂಟು ಒಣಗಿ ಒಂದು ಕಾಲಲ್ಲಿ ಕಿರ್ರ್ ಎನ್ನುತ್ತಿತ್ತು. ನಾನು ಕಣ್ಣಲ್ಲೇ ಚೀಲ ತೋರಿಸಿದೆ. ಅವರು ಚೀಲ ನೋಡಿದರು, ಅಮ್ಮನನ್ನು ನೋಡಿದರು, ಅಷ್ಟರಲ್ಲಿ ಮೂಲೆಯ ಹೊಸ ಚೌಕ ಕಣ್ಣಿಗೆ ಬಿತ್ತು. ಬಗ್ಗಿ ಬೆರಳಿನಿಂದ ಅಳೆದರು.

"ನೀನಾ ಹಾಕಿದ್ದು? ಪರವಾಗಿಲ್ವೇ! ಈ ಕಡೆ ಲೈನು ಒಸಿ ಸೊಟ್ಟಗಾಗೈತೆ," ಎಂದರು.

"ಮಗು," ಎಂದೆ ನಾನು.

"ಹೂಂ, ಅದೇ, ಅವ್ವ ಹೇಳೋದ್ರಲ್ಲೂ ಒಂದ್ ಅರ್ಥ ಐತೆ... ಹಂಗಂತ ನಿಂದು ತಪ್ಪು ಅಂತಲ್ಲ..." ಎನ್ನುತ್ತ ಅವರು ಟೇಪು ಹುಡುಕಲು ಎದ್ದರು. ಅದು ಹಿಟ್ಟಿನ ಡಬ್ಬದಲ್ಲಿದೆ ಎಂದು ನಾನು ಹೇಳಲಿಲ್ಲ. ಆ ದಿನ ನಾನು ಮಾಡಿದ ಏಕೈಕ ಗಟ್ಟಿ ಕೆಲಸ ಅದು.

ಅತ್ತೆ ಸಿಂಚುವಿಗೆ ಸ್ವೆಟರ್ ಹಾಕಿ ಸೊಂಟಕ್ಕೆ ಏರಿಸಿಕೊಂಡರು. ರಾಮನಗರಕ್ಕೆ ಹೋಗಿ ಅಲ್ಲಿಂದ ಮಾಗಡಿ ಬಸ್ಸು ಹಿಡಿಯಬೇಕು. ಸಿಂಚುವಿಗೆ ಬಸ್ಸು ಇಷ್ಟ. ಹೋಗುತ್ತಿರುವುದು ಬಸ್ಸಿಗೆ ಅಂತ ಅವಳಿಗೆ ಗೊತ್ತು, ಎಲ್ಲಿಗೆ ಅಂತ ಗೊತ್ತಿಲ್ಲ. ಅದಕ್ಕೇ ಅವಳು "ಇಲ್ಲ" ಎನ್ನಲಿಲ್ಲ. ಆ ಒಂದು ಸಲವಾದರೂ ಅವಳು ತಲೆ ಎಡಕ್ಕೆ ಬಲಕ್ಕೆ ಆಡಿಸಲಿ ಎಂದು ನಾನು ಕಾಯುತ್ತಿದ್ದೆ. ಆಡಿಸಲಿಲ್ಲ. ಅಜ್ಜಿಯ ಭುಜದ ಮೇಲಿಂದ ನನಗೆ ಟಾಟಾ ಮಾಡಿದಳು. ಬಾಗಿಲು ದಾಟಿದರು, ಅಂಗಳ ದಾಟಿದರು. ನಾನು ಹಿಂದೆ ಹಿಂದೆ ಹೋದೆ. ಗೇಟಿನ ಚಿಲಕ ಅತ್ತೆಯ ಕೈಗೆ ಸಿಗದೆ ಹೋಯಿತು. "ಒಸಿ ತಗಿಯವ್ವ," ಎಂದರು. ನಾನೇ ತೆಗೆದೆ.

ಪಕ್ಕದ ಜಗಲಿಯಲ್ಲಿ ಜಯಮ್ಮ ಮೊರದಲ್ಲಿ ಅವರೆಕಾಯಿ ಹಾಕಿಕೊಂಡು ಸುಲಿಯುತ್ತ ಕೂತಿದ್ದರು. ಮುಖ ಎತ್ತಲಿಲ್ಲ.

"ಹೊರಟ್ರೇನಕ್ಕ?"

"ಹೂಂ ಕಣವ್ವ. ಕತ್ತಲಾಗೋ ಮುಂಚೆ ಸೇರ್ಕಬೇಕು."

"ಹೋಗ್ಬನ್ನಿ, ಹೋಗ್ಬನ್ನಿ." ಒಂದು ಕಾಯಿ ಸುಲಿದು ಕಾಳನ್ನು ಪಾತ್ರೆಗೆ ಹಾಕಿದರು. "ಅಲ್ಲಾ, ಮಣೆ ಮೇಲೆ ಕುಂಡ್ರಿಸಿ ಆರತಿ ಎತ್ತಿದ ಮಗೀನ ಅವತ್ತೇ ಊರ್ ದಾಟಿಸ್ತಾರಾ ನಿಮ್ ಕಡೇಲಿ? ನಮ್ ಕಡೆಯಾದ್ರೆ ಒಂದ್ ರಾತ್ರಿ ಕಳೀಬೇಕು. ನಿಮ್ ಕಡೆ ಆ ಶಾಸ್ತ್ರ ಇಲ್ವೇನೋ ಬುಡಿ."

ನಾನು ಹುಟ್ಟಿದ್ದು ಇದೇ ತಾಲ್ಲೂಕಿನಲ್ಲಿ. ಅಂಥ ಶಾಸ್ತ್ರವನ್ನು ಅಲ್ಲಿಯವರೆಗೆ ಕೇಳಿರಲಿಲ್ಲ.

ಅತ್ತೆಯ ಕಾಲು ಗೇಟಿನ ಆಚೆ ಒಂದು, ಈಚೆ ಒಂದು. ಹೀಗೆ ನಿಂತು ಅವರು ಬೀದಿಯ ಕೊನೆಯವರೆಗೂ ನೋಡಿದರು. ಎದುರು ಮನೆಯ ಆರತಿ ತಟ್ಟೆಯವರು ಕಸ ಗುಡಿಸುವುದನ್ನು ನಿಲ್ಲಿಸಿ ಇತ್ತಲೇ ನೋಡುತ್ತಿದ್ದರು.

"ಇಲ್ದೆ ಏನು?" ಎಂದರು ಅತ್ತೆ, ಎರಡು ಮನೆಗೆ ಕೇಳುವ ಹಾಗೆ. "ನಮ್ ಕಡೇನೇ ಅದು ಹುಟ್ಟಿದ್ದು! ನಾನು ಮಗೀಗೆ ಒಸಿ ಬೀದಿ ತೋರ್ಸೋಣ ಅಂತ ಬಂದೆ. ನಾಳೀಕೆ ಹೋಯ್ತೀವಿ." ಆಚೆಯ ಕಾಲನ್ನು ಈಚೆಗೆ ತೆಗೆದುಕೊಂಡು, ಸಿಂಚುವನ್ನು ನನ್ನ ಕೈಗೆ ದಾಟಿಸಿ, ಚೀಲ ಹಿಡಿದು ಬಿರಬಿರನೆ ಒಳಗೆ ಹೋದರು. ಬಸ್ಸು ತಪ್ಪಿಹೋಯಿತೆಂದು ಗೊತ್ತಾದ ಕೂಡಲೇ ಸಿಂಚು ನನ್ನ ಕಿವಿಯೊಳಗೆ ಗಟ್ಟಿಯಾಗಿ ಅಳಲು ಶುರುಮಾಡಿ, ಎರಡೂ ಕೈಯಿಂದ ನನ್ನ ಕೂದಲು ಹಿಡಿದು ಎಳೆದಳು. ಎಳೆಯಲಿ ಎಂದು ತಲೆ ಬಗ್ಗಿಸಿಕೊಟ್ಟೆ.

ಜಯಮ್ಮ ಮೊರವನ್ನು ಒಮ್ಮೆ ಕೊಡವಿ ಸಿಪ್ಪೆ ಪಕ್ಕಕ್ಕೆ ಸರಿಸಿದರು. ಆಗಲೂ ನನ್ನ ಕಡೆ ನೋಡಲಿಲ್ಲ.

"ನಾಳೆ ಎಷ್ಟೊತ್ಗೆ ಕುಂಡ್ರಿಸ್ತೀಯ? ಒಸಿ ಬಿರ್ನೆ ಆದ್ರೆ ನಂಗೂ ಅನುಕೂಲ ಕಣವ್ವ, ಹತ್ತು ಗಂಟೆಗೆ ನಮ್ಮನೇಗೆ ಗ್ಯಾಸ್ನೋರು ಬತ್ತಾರೆ."